ಸಹಾಯ ಬೇಕು: ಊರಿನ ಮನೆಯ ಕ್ಯಾಮೆರಾಗಳನ್ನು ಬೆಂಗಳೂರಿನಿಂದ ನೋಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಲ್ಲಿ ವಯಸ್ಸಾದ ಅಪ್ಪ, ಅಮ್ಮ ಇಬ್ಬರೇ ಇರುವುದರಿಂದ ಅಂಗಳಕ್ಕೂ ಅಡಿಕೆ ಒಣಗಿಸುವ ಜಾಗಕ್ಕೂ ಕ್ಯಾಮೆರಾ ಹಾಕಿಸಿ, ದೃಶ್ಯಗಳನ್ನು ದಾಖಲಿಸುವ ಪೆಟ್ಟಿಗೆಯಾದ ಡಿವಿಆರ್‌ಗೆ ಜೋಡಿಸಿದ್ದೇವೆ. ಮನೆಯ ವೈಫೈನಲ್ಲಿ ದೃಶ್ಯ ಸ್ಪಷ್ಟವಾಗಿ ಬರುತ್ತದೆ. ಬೆಂಗಳೂರಿನಿಂದ ಮಾತ್ರ ಸಂಪರ್ಕವೇ ಸಿಗುವುದಿಲ್ಲ.

ರೂಟರ್‌ನಲ್ಲಿ ಹೊರಗಿನಿಂದ ಬರುವ ವಿಡಿಯೊ ಕೋರಿಕೆ ಡಿವಿಆರ್‌ಗೆ ತಲುಪಲೆಂದು 554ನೇ ಪೋರ್ಟನ್ನು ಅದಕ್ಕೆ ಫಾರ್ವರ್ಡ್ ಮಾಡಿದ್ದೇನೆ, ಐಪಿ ವಿಳಾಸ ಬದಲಾದರೂ ಅದೇ ಹೆಸರಿನಿಂದ ತಲುಪಲು ಡಿಡಿಎನ್‌ಎಸ್ ಹೆಸರನ್ನೂ ಪಡೆದಿದ್ದೇನೆ. ಆದರೆ ರೂಟರ್‌ನ ವ್ಯಾನ್ (ಹೊರಗಿನ ಸಂಪರ್ಕದ) ಪುಟದಲ್ಲಿ 100.72ರಿಂದ ಆರಂಭವಾಗುವ ಐಪಿ ಇದೆ, ಹೊರಗಿನಿಂದ ಪರೀಕ್ಷಿಸಿದರೆ ಬೇರೆಯೇ ಐಪಿ ಕಾಣುತ್ತದೆ. 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲಿ ಸಿಜಿನ್ಯಾಟ್ ಎಂಬ ಐಪಿ ಹಂಚುವ ವ್ಯವಸ್ಥೆಗೆಂದೇ ಮೀಸಲಿಟ್ಟಿರುವುದರಿಂದ, ಇಂಟರ್ನೆಟ್ ಕಂಪನಿಯವರು ಒಂದೇ ಸಾರ್ವಜನಿಕ ಐಪಿಯನ್ನು ಹಲವು ಗ್ರಾಹಕರಿಗೆ ಹಂಚಿದ್ದಾರೆ, ಹೊರಗಿನ ಕೋರಿಕೆ ನಮ್ಮ ರೂಟರ್‌ವರೆಗೆ ಬರುವುದೇ ಇಲ್ಲ ಎಂಬುದು ಖಚಿತವಾಯಿತು. ನಮಗೇ ಮೀಸಲಾದ, ಬದಲಾಗದ ಸ್ಟಾಟಿಕ್ ಐಪಿ ಕೇಳಿದರೆ, ಅದು ವಾಣಿಜ್ಯ ಸಂಪರ್ಕಕ್ಕೆ ಮಾತ್ರ ಎನ್ನುತ್ತಾರೆ. ಡಿವಿಆರ್ ಜೊತೆ ಬಂದ ಕ್ಲೌಡ್ ಆ್ಯಪ್ ಇದೆ. ಅಪ್ಪ ಅಮ್ಮನ ದಿನನಿತ್ಯದ ಓಡಾಟವೆಲ್ಲ ಯಾರದೋ ಸರ್ವರ್ ಮೂಲಕ ಹಾದುಹೋಗುವುದು ನನಗೆ ಒಪ್ಪಿಗೆಯಿಲ್ಲ.

ಗೊಂದಲವಿರುವುದು ಇಲ್ಲಿ. ರೂಟರ್‌ಗೆ ಹೀಗೆ ಹಂಚಿಕೊಳ್ಳಬೇಕಿಲ್ಲದ ಹೊಸ ಬಗೆಯ ಐಪಿವಿ6 ವಿಳಾಸ ಸಿಗುತ್ತಿದೆ, ಆದರೆ ಹಳೆಯ ಡಿವಿಆರ್‌ಗೆ ಹಳೆಯ ಬಗೆಯ ಐಪಿವಿ4 ಮಾತ್ರ ಗೊತ್ತು. ಮನೆಯಲ್ಲೊಂದು ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಇಟ್ಟು, ಅದರಲ್ಲಿ ಸುರಕ್ಷಿತ ಸುರಂಗದಂಥ ಸಂಪರ್ಕ ಕಲ್ಪಿಸುವ ವೈರ್‌ಗಾರ್ಡ್ ತಂತ್ರಾಂಶ ಹಾಕಿ, ಐಪಿವಿ6 ಮೂಲಕ ಅದನ್ನು ತಲುಪಿ, ಆ ಸುರಂಗದೊಳಗಿನಿಂದಲೇ ಡಿವಿಆರ್‌ನ ಮನೆಯೊಳಗಿನ 192.168 ವಿಳಾಸವನ್ನು ತೆರೆಯಬಹುದೇ? ಅಥವಾ ಸಾರ್ವಜನಿಕ ಐಪಿ ಇರುವ ಬಾಡಿಗೆಯ ವಿಪಿಎಸ್ (ಇಂಟರ್ನೆಟ್‌ನಲ್ಲಿರುವ ಸರ್ವರ್) ಬೇಕೇ ಬೇಕೇ? ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಪದೇಪದೇ ಹೋಗುತ್ತದೆ. ಆದ್ದರಿಂದ ಕರೆಂಟು ಬಂದ ಮೇಲೆ, ಅಪ್ಪ ಏನನ್ನೂ ಮುಟ್ಟದೆ ತಾನಾಗಿಯೇ ಮತ್ತೆ ಜೋಡಣೆಯಾಗುವ ವ್ಯವಸ್ಥೆ ಇವೆರಡರಲ್ಲಿ ಯಾವುದು? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.