ಅಂಗವೈಕಲ್ಯ ಪಿಂಚಣಿ: ಶೇ 20 ಇದ್ದದ್ದು 50 ಆಗುತ್ತಾ? ಬಾಕಿ ಯಾವಾಗಿನಿಂದ?

ಸಿಂಧನೂರು:
ನಮ್ಮೂರಿನ, ಸೇನೆಯಲ್ಲಿ ಹವಾಲ್ದಾರ್ ಆಗಿದ್ದ ಒಬ್ಬರು 2011ರಲ್ಲಿ ಸೇವಾವಧಿ ಮುಗಿಸಿ ಬಂದವರು. ರಿಲೀಸ್ ಮೆಡಿಕಲ್ ಬೋರ್ಡ್ (ಸೇನೆಯಿಂದ ಬಿಡುವಾಗ ಪರೀಕ್ಷಿಸುವ ವೈದ್ಯರ ಮಂಡಳಿ) ಮೊಣಕಾಲಿಗೆ ಜೀವನಪರ್ಯಂತ ಶೇ 20 ಅಂಗವೈಕಲ್ಯ ಬರೆದಿದೆ, ಸೇವೆಯಿಂದಲೇ ಆದದ್ದು ಅಂತಲೂ ಒಪ್ಪಿದೆ. ಈಗಲೂ ಶೇ 20ರಂತೆಯೇ ಬರ್ತಾ ಇದೆ. ಮತ್ತೆ ಬೋರ್ಡ್ ಮುಂದೆ ಹೋಗಬೇಕಾ? 2011ರಿಂದ ಬಾಕಿ ಸಿಗುತ್ತಾ?

ಬಳ್ಳಾರಿ:
ಬೋರ್ಡ್ ತಂಟೆಗೆ ಹೋಗಬ್ಯಾಡ್ರಿ. ಇದು ವೈದ್ಯರ ಕೆಲಸ ಅಲ್ಲ, ಬರೀ ಲೆಕ್ಕ. ಬೋರ್ಡ್ ಬರೆದದ್ದು ಶೇ 20ರಿಂದ 49 ಇದ್ದರೆ ಪಿಂಚಣಿಗೆ 50 ಅಂತ ಹಿಡೀಬೇಕು, 50ರಿಂದ 75 ಇದ್ದರೆ 75, ಅದಕ್ಕೂ ಮೇಲೆ 100. ಮೊದಲು ಇದು ಅರ್ಧಕ್ಕೇ ಸೇವೆಯಿಂದ ಕಳಿಸಿದವರಿಗೆ ಮಾತ್ರ ಇತ್ತು. ಅವಧಿ ಮುಗಿಸಿದವರಿಗೂ ಸಲ್ಲುತ್ತೆ ಅಂತ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ಡಿಸೆಂಬರ್ 10ರಂದು ಹೇಳಿತು.

ಶೇ 100 ಅಂಗವೈಕಲ್ಯಕ್ಕೆ ಈ ಪಿಂಚಣಿ ಕೊನೆಯ ವೇತನದ ಶೇ 30. ಲೆಕ್ಕಕ್ಕೆ ವೇತನ 40,000 ಹಿಡೀರಿ: ಶೇ 20ಕ್ಕೆ 2,400, ಶೇ 50ಕ್ಕೆ 6,000. ತಿಂಗಳಿಗೆ 3,600 ಖೋತಾ, ತುಟ್ಟಿಭತ್ಯೆ ಬೇರೆ.

ಪಿಪಿಒ (ಪಿಂಚಣಿ ಪಾವತಿ ಆದೇಶ) ಮತ್ತು ಬೋರ್ಡ್ ವರದಿಯ ಪ್ರತಿ ಲಗತ್ತಿಸಿ, ಅವರ ಸೇವಾ ದಾಖಲೆ ಇಟ್ಟಿರುವ ಸೇನೆಯ ರೆಕಾರ್ಡ್ ಆಫೀಸಿಗೆ ಸ್ಪೀಡ್ ಪೋಸ್ಟಿನಲ್ಲಿ ಮನವಿ ಕಳಿಸಿ. ರಸೀದಿ ಕಳೀಬ್ಯಾಡ್ರಿ, ಮುಂದೆ ಎಲ್ಲಾ ಅದರ ಮೇಲೇ ನಿಲ್ಲುತ್ತೆ.

ಕೊಪ್ಪಳ:
ದರ ಗೆಲ್ಲೋದು ಸುಲಭ, ಪೆಟ್ಟು ಬೀಳ್ತಿದ್ದದ್ದು ಬಾಕಿಯ ತಾರೀಕಿನಲ್ಲಿ. ತಡವಾಗಿ ಕೇಳಿದವರಿಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಬಹಳ ಕಾಲ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷದ ಬಾಕಿ ಮಾತ್ರ ಕೊಡ್ತಾ ಬಂದಿತ್ತು. ಸುಪ್ರೀಂ ಕೋರ್ಟಿನ 2008ರ ತರ್ಸೇಮ್ ಸಿಂಗ್ ತೀರ್ಪೇ ಅದಕ್ಕೆ ಆಧಾರವಾಗಿತ್ತು. ಅಂದರೆ ಮೇಲಿನ ಲೆಕ್ಕದಲ್ಲಿ 36 ತಿಂಗಳಿಗೆ 1,29,600. ರೆಕಾರ್ಡ್ ಆಫೀಸಿಗೆ ನೆನಪೋಲೆ ಬರೀತಾ ಕೂತರೆ ಆ ಮೂರು ವರ್ಷವೂ ಮುಂದಕ್ಕೆ ಸರೀತಾ ಹೋಗ್ತಿತ್ತು. ಆರು ತಿಂಗಳು ಉತ್ತರ ಬರದಿದ್ದರೆ ಕಾಯದೆ ನ್ಯಾಯಮಂಡಳಿಗೆ ಹೋಗಿ. ಕರ್ನಾಟಕ ಕೊಚ್ಚಿ ಪೀಠದ ವ್ಯಾಪ್ತಿಯಲ್ಲಿದೆ.

ಸಿಂಧನೂರು:
ಬೋರ್ಡ್ ವರದಿ ಅವರ ಹತ್ರ ಇಲ್ಲ.

ಬಳ್ಳಾರಿ:
ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ರೆಕಾರ್ಡ್ ಆಫೀಸಿಗೆ ಮಾಹಿತಿ ಹಕ್ಕಿನಡಿ ಕೇಳಿ, 30 ದಿನದ ಗಡುವು. ಸರ್ವಿಸ್ ನಂಬರ್ ತಪ್ಪಿದರೆ ಅರ್ಜಿ ವಾಪಸ್ ಬರುತ್ತೆ.

ರಾಯಚೂರು:
ಇದನ್ನು ಓದಿ ಎಲ್ಲರೂ ಇದೇ ದಾರಿ ಹಿಡೀಬೇಡಿ. ‘ಸೇವೆಗೆ ಸಂಬಂಧವಿಲ್ಲ’ ಅಂತಲೋ ಶೇ 20ಕ್ಕಿಂತ ಕಡಿಮೆ ಅಂತಲೋ ಬೋರ್ಡ್ ಬರೆದಿದ್ದರೆ ಅದು ಬೇರೆ ಜಗಳ: ತಿರಸ್ಕಾರ ಪತ್ರ ಬಂದ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಅದೂ ಬಿದ್ದರೆ ಎರಡನೆಯದು. ಸೇರುವಾಗ ಆರೋಗ್ಯವಾಗಿದ್ದ ಅನ್ನೋ ದಾಖಲೆಯೇ ಅಲ್ಲಿ ಮುಖ್ಯ, 2013ರ ಧರಂವೀರ್ ಸಿಂಗ್ ತೀರ್ಪು ನೋಡಿ. 2023ರ ಸೆಪ್ಟೆಂಬರ್ 21ರ ನಂತರ ನಿವೃತ್ತರಾದವರಿಗೆ ಹೊಸ ನಿಯಮ, ಮೇಲಿನ ಲೆಕ್ಕ ಅವರಿಗೆ ಹಚ್ಚಬೇಡಿ.