ಹಾವು ಕಡಿತದ ಇನ್ಫೋಗ್ರಾಫಿಕ್, ಯಾವ ನಂಬರ್ ಇಡ್ಲಿ?

ಪೊನ್ನಂಪೇಟೆ ಹುಡುಗಿ: ದೇಶದಲ್ಲಿ 2000ರಿಂದ 2019ರವರೆಗೆ ಹಾವು ಕಡಿದು ಸುಮಾರು 12 ಲಕ್ಷ ಜನ ಸತ್ತಿದ್ದಾರೆ ಅಂತ 2020ರ ಅಧ್ಯಯನ, ಅರ್ಧದಷ್ಟು ಜೂನ್-ಸೆಪ್ಟೆಂಬರ್ ಮಳೇಲೇ, ಇದನ್ನ ತೋಟದ ಲೈನ್‌ಮನೆ (ಕೆಲಸದವ್ರ ಸಾಲುಮನೆ) ಗೋಡೆಗೆ ಹಾಕ್ಬೇಕು ಆದ್ರೆ ಎಲ್ಲಾ ಸೇರ್ಸಿದ್ರೆ ತುಂಬ್ಕೊಳ್ತಿದೆ, ಏನ್ ಬಿಡ್ಲಿ?

ಮಡಿಕೇರಿ ಮಳೆ: 12 ಲಕ್ಷ ಬಿಡಿ, ಕಣ್ಣಿಗೆ ಕಟ್ಟಲ್ಲ. ವರ್ಷಕ್ಕೆ 58,000, ಅಂದ್ರೆ ದಿನಕ್ಕೆ ಸುಮಾರು 160 ಜನ, ಮೂರು ಬಸ್ ತುಂಬ. ಬಸ್ಸೇ ಬರೀರಿ.

ತೋಟದ ನರ್ಸ್: ಓದೋಕ್ ಬರದವ್ರೂ ಇರ್ತಾರೆ, ಅಸ್ಸಾಂ ಕಡೆಯವ್ರೂ ಇರ್ತಾರೆ. ಕಾಲು ಅಲುಗಾಡಿಸದೆ ಜೀಪಲ್ಲಿ ಆಸ್ಪತ್ರೆಗೆ ಹೋಗೋ ಚಿತ್ರ ದೊಡ್ಡದಾಗಿರ್ಲಿ. ಗಾಯ ಕೊಯ್ಯೋ ಚಿತ್ರ ಬರೆದು 'ಹೀಗ್ ಮಾಡ್ಬಾರ್ದು' ಅಂತ ಅದರ ಮೇಲೆ ಕೆಂಪು ಗೀಟು ಹಾಕ್ಬೇಡಿ, ಒಬ್ಬಜ್ಜಿ ಅದನ್ನ 'ಹೀಗೆ ಕೊಯ್ಯಿ' ಅಂತಾನೇ ತಿಳ್ಕೊಂಡಿದ್ರು.

ಪೊನ್ನಂಪೇಟೆ ಹುಡುಗಿ: ಅಯ್ಯೋ, ಇದು ಹೊಳೆದೇ ಇರ್ಲಿಲ್ಲ! ಮೊದ್ಲು ಪೆನ್ಸಿಲಲ್ಲಿ ಬರೆದು ನಾಲ್ಕು ಜನಕ್ಕೆ ತೋರ್ಸಿ ಏನರ್ಥ ಆಯ್ತು ಅಂತ ಅವ್ರನ್ನೇ ಕೇಳ್ತೀನಿ.