ಟ್ರಸ್‌ನ ಕೋಲು 'ಒತ್ತಡ'ದಲ್ಲಿದೆ ಅಂದರೆ ಏನರ್ಥ?

ಗೆಳೆಯರೇ,

ಸೇತುವೆಗಳ ಬಗೆಗಿನ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಟ್ರಸ್ (ಕೋಲುಗಳನ್ನು ತುದಿಗೆ ತುದಿ ಜೋಡಿಸಿ ಮಾಡಿದ, ಹೊರೆ ಹೊರುವ ಚೌಕಟ್ಟು) ಅನ್ನುವ ಪದವನ್ನು ಹಾಗೇ ಬಿಟ್ಟಿದ್ದೇನೆ, ಅದರ ಬಗ್ಗೆ ತಕರಾರಿಲ್ಲ. ತೊಡಕೆಲ್ಲ ಅದರ ಒಳಗಿನ ಪದಗಳದ್ದು. ಮೊದಲ ಕರಡಿನಲ್ಲಿ 'ಕೆಳಗಿನ ಸದಸ್ಯವು ಒತ್ತಡದಲ್ಲಿದೆ' ಅಂತ ಬರೆದಿದ್ದೆ. (ಟ್ರಸ್‌ನ ಒಂದೊಂದು ಕೋಲಿಗೂ ಇಂಗ್ಲಿಷಿನಲ್ಲಿ 'ಮೆಂಬರ್' ಅನ್ನುತ್ತಾರೆ.) ಸಿವಿಲ್ ಓದಿದ ಗೆಳತಿಗೆ ತೋರಿಸಿದರೆ, 'ಯಾವ ಪಕ್ಷದ ಸದಸ್ಯ?' ಅಂತ ನಕ್ಕಳು. ಆಮೇಲೆ, 'ಅದಿರಲಿ, ನೀನು ವಿಷಯವನ್ನೇ ತಲೆಕೆಳಗು ಮಾಡಿದ್ದೀಯ' ಅಂದಳು.

ಸದಸ್ಯನನ್ನು ಅಂದೇ ಉಚ್ಚಾಟಿಸಿದೆ. ಈಗ 'ಕೋಲು' ಅಂತ ಬರೆಯುತ್ತೇನೆ, ಕೋಲುಗಳು ಸೇರುವ ಜಾಗಕ್ಕೆ 'ಗಂಟು'.

ಒತ್ತಡದ ಕಥೆಯೇ ಬೇರೆ. ಟೆನ್ಷನ್‌ಗೆ ನಾನು ಆ ಪದ ಹಾಕಿದ್ದೆ. ಕೆಲಸದ ಒತ್ತಡ, ಕೆಲಸದ ಟೆನ್ಷನ್ ಎರಡನ್ನೂ ಒಂದೇ ಅರ್ಥದಲ್ಲಿ ಆಡಿ ಆಡಿ ಬಂದ ಅಭ್ಯಾಸ. ಆದರೆ ಒತ್ತಡದ ಒಳಗೆ 'ಒತ್ತು' ಕೂತಿದೆ ಅಲ್ವಾ? ಟ್ರಸ್‌ನಲ್ಲಿ ಟೆನ್ಷನ್ ಅಂದರೆ ಕೋಲಿನ ಎರಡೂ ತುದಿ ಹಿಡಿದು ಹೊರಗೆ ಎಳೆದಂತೆ. ಓದುಗರಿಗೆ ಸರಿಯಾಗಿ ಉಲ್ಟಾ ಅರ್ಥವಾಗುತ್ತದೆ.

ಗೆಳತಿ ಒಂದು ಉಪಾಯ ಹೇಳಿಕೊಟ್ಟಳು. ಚಿತ್ರದಲ್ಲಿ ಯಾವುದಾದರೂ ಕೋಲು ತೆಗೆದು ಅಲ್ಲಿ ಹಗ್ಗ ಕಟ್ಟಿದೆ ಅಂದುಕೋ. ಟ್ರಸ್ ನಿಂತರೆ ಆ ಕೋಲಿನ ಮೇಲೆ ಎಳೆತ (ಟೆನ್ಷನ್), ಬಿದ್ದರೆ ಅದುಮಿಕೆ (ಕಂಪ್ರೆಷನ್). ಹಗ್ಗವನ್ನು ಎಳೆಯಬಹುದು, ಅದುಮಲಾಗದು, ಅಷ್ಟೇ. ಮೂರು ಪಟ್ಟಿಗಳ ತುದಿಗೆ ಮೊಳೆ ಹೊಡೆದು ತ್ರಿಕೋನ ಮಾಡಿ ನಿಲ್ಲಿಸಿ, ನೆತ್ತಿಯನ್ನು ಕೆಳಗೆ ಒತ್ತಿ ನೋಡಿ. ಎರಡು ಓರೆ ಪಟ್ಟಿಗಳು ಕಾಲು ಅಗಲಿಸಲು ನೋಡುತ್ತವೆ, ಕೆಳಗಿನದು ಬಿಡುವುದಿಲ್ಲ. ಆ ಕೆಳಗಿನದಕ್ಕೆ ಹಗ್ಗವೂ ಸಾಕು. (ನಾಲ್ಕು ಪಟ್ಟಿಯ ಚೌಕ ಸುಮ್ನೆ ಪಕ್ಕಕ್ಕೆ ವಾಲುತ್ತದೆ. ಟ್ರಸ್ ತುಂಬ ತ್ರಿಕೋನಗಳೇ ಯಾಕೆ ಅಂತ ನನಗೆ ಅಂದು ತಿಳಿಯಿತು.)

ಪದ ಸರಿ ಇಲ್ಲದಿದ್ದರೆ ಏನಾಗುತ್ತದೆ ನೋಡಿ. ಹೌ (Howe) ಎಂಬಾತನ 1840ರ ಟ್ರಸ್‌ನಲ್ಲಿ ಓರೆ ಕೋಲುಗಳು ಮರದವು, ಅವಕ್ಕೆ ಅದುಮಿಕೆ. ನೆಟ್ಟಗಿನವು ಕಬ್ಬಿಣದ ಸರಳುಗಳು, ಅವಕ್ಕೆ ಎಳೆತ. 1844ರಲ್ಲಿ ಬಂದ ಪ್ರ್ಯಾಟ್ ಟ್ರಸ್‌ನಲ್ಲಿ ಓರೆ ಕೋಲುಗಳ ದಿಕ್ಕು ಬದಲಾಗಿದೆ, ಹಾಗಾಗಿ ಕೆಲಸವೂ ಅದಲುಬದಲು. ಇಡೀ ವ್ಯತ್ಯಾಸ ಇರುವುದೇ ಅಲ್ಲಿ. ನನ್ನ ಕರಡಿನಲ್ಲಿ ಎರಡೂ ಕಡೆ 'ಒತ್ತಡ'!

ನಿಘಂಟಿನ 'ಕರ್ಷಣ', 'ಸಂಪೀಡನ' ನನಗೆ ಗೊತ್ತು. ತಪ್ಪೇನಿಲ್ಲ, ಆದರೆ ಓದಿದ ಕೂಡಲೇ ಕೈ ಯಾವ ಕಡೆ ಹೋಗಬೇಕು ಅಂತ ಅವು ಹೇಳುವುದಿಲ್ಲ. 'ಸೆಳೆತ' ಅಂದರೆ ಹೊಳೆಯ ನೀರು ನೆನಪಾಗುತ್ತದೆ. 'ಬಿಗಿತ' ಹಗ್ಗಕ್ಕೆ ಸರಿ, ಉಕ್ಕಿನ ಕೋಲಿಗೆ ಅಷ್ಟು ಒಗ್ಗಲಿಲ್ಲ. ಎಳೆತ, ಅದುಮಿಕೆ ಜೋಡಿಯನ್ನೇ ಇಟ್ಟುಕೊಂಡಿದ್ದೇನೆ. ಬೇಡ ಅನ್ನುವವರು ಕಾರಣ ಹೇಳಿ.

ನಾನು ನಿಜವಾಗಿ ಸಿಕ್ಕಿಬಿದ್ದಿರುವುದು ಬಕ್ಲಿಂಗ್ ಅನ್ನುವ ಪದದಲ್ಲಿ. ಉದ್ದದ ತೆಳು ಕೋಲನ್ನು ತುದಿಗಳಿಂದ ಅದುಮಿದರೆ ಅದು ಪುಡಿಯಾಗುವ ಮೊದಲೇ ಪಕ್ಕಕ್ಕೆ ಹಾರುತ್ತದೆ. ಪ್ಲಾಸ್ಟಿಕ್ ಸ್ಕೇಲನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಒತ್ತಿ, ಗೊತ್ತಾಗುತ್ತದೆ. ಅದೇ ಕೋಲಿನ ಉದ್ದ ಎರಡು ಪಟ್ಟಾದರೆ ಅದು ತಾಳುವ ಹೊರೆ ಕಾಲು ಭಾಗಕ್ಕೆ ಇಳಿಯುತ್ತದೆ. 'ಬಾಗು' ಅನ್ನೋಣವೆಂದರೆ, ಅಡ್ಡ ಇಟ್ಟ ತೊಲೆ ಭಾರಕ್ಕೆ ಬಾಗುವುದಕ್ಕೆ ಅದು ಬೇಕು. 'ಬಳುಕು' ಚೆನ್ನಾಗಿದೆ ಅನಿಸಿ ಬರೆದುಕೊಂಡು ಹೋದೆ. ಕೆನಡಾದ ಕ್ವಿಬೆಕ್ ಸೇತುವೆಯ ಪುಟ ಬಂತು. 1907ರ ಆಗಸ್ಟ್ 29ರಂದು, ಇನ್ನೂ ಕಟ್ಟುತ್ತಿರುವಾಗಲೇ ಕುಸಿದು 75 ಕೆಲಸಗಾರರು ಸತ್ತರು. ಅದು ನದಿಯ ಮೇಲೆ ಚಾಚಿ ನಿಂತಿದ್ದ ಸೇತುವೆ, ಹಾಗಾಗಿ ಆ ಮೂರು ಪಟ್ಟಿಯ ತ್ರಿಕೋನಕ್ಕೆ ಉಲ್ಟಾ, ಅಲ್ಲಿ ಅದುಮಿಕೆ ಇದ್ದದ್ದು ಕೆಳಗಿನ ಕೋಲುಗಳಿಗೆ. ಆ ಕೋಲುಗಳು 'ಬಳುಕಿದವು' ಅಂತ ಬರೆಯಲು ನನಗೆ ಕೈ ಬರಲಿಲ್ಲ. ಬಳ್ಳಿ ಬಳುಕುತ್ತದೆ, ಸೊಂಟ ಬಳುಕುತ್ತದೆ.

ಡೊಂಕಾಗು, ಸೊಟ್ಟಗಾಗು, ಮಡಚಿಕೊಳ್ಳು ಎಲ್ಲ ಹಾಕಿ ನೋಡಿದೆ. ಮೊದಲೆರಡರಲ್ಲಿ ಆ ದಿಢೀರ್ ಅನ್ನುವುದು ಇಲ್ಲ, ಮೂರನೆಯದು ಕೊಡೆಯ ನೆನಪು ತರುತ್ತದೆ. ಸದ್ಯಕ್ಕೆ ಆ ವಾಕ್ಯದಲ್ಲಿ ಜಾಗ ಖಾಲಿ ಬಿಟ್ಟಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಪದ ಹೊಳೆಯುತ್ತದಾ?